ರಕ್ತಪರೀಕ್ಷೆಯೊಂದೇ ಸಾಕೆ?

2009ರಲ್ಲಿ ನ್ಯೂಯಾರ್ಕಿನ 24 ವರ್ಷದ ಪತ್ರಕರ್ತೆ ಸುಸಾನಾ ಕಹಲನ್ ಅವರಿಗೆ ಇದ್ದಕ್ಕಿದ್ದಂತೆ ಭ್ರಮೆ, ಸಂಶಯ, ಸೆಳವು ಕಾಣಿಸಿಕೊಂಡವು. ಮದ್ಯಪಾನವೇ ಕಾರಣವೆಂದು ಒಬ್ಬ ವೈದ್ಯರು ಭಾವಿಸಿದರು. ಮನೋರೋಗದ ಶಂಕೆಯೂ ಬಂತು. ಕೊನೆಗೆ ನರವೈದ್ಯ ಸೌಹೆಲ್ ನಜ್ಜಾರ್ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಹನ್ನೆರಡೂ ಅಂಕಿಗಳು ಬಲ ಅರ್ಧದಲ್ಲೇ ಕಿಕ್ಕಿರಿದಿದ್ದವು. ಮಿದುಳಿನ ಬಲಭಾಗದಲ್ಲಿ ಉರಿಯೂತವಿದೆಯೆಂಬ ಸುಳಿವು ಸಿಕ್ಕಿದ್ದು ಹಾಗೆ. ಇದನ್ನೆಲ್ಲ ಅವರು 2012ರಲ್ಲಿ ಪ್ರಕಟವಾದ ‘ಬ್ರೈನ್ ಆನ್ ಫೈರ್’ ಪುಸ್ತಕದಲ್ಲಿ ವಿವರಿಸಿದ್ದಾರೆ.

ಕಾಯಿಲೆ, ಎನ್‌ಎಂಡಿಎ ಗ್ರಾಹಕ ವಿರೋಧಿ ಮಿದುಳುರಿಯೂತ. ನಮ್ಮನ್ನು ಕಾಯಬೇಕಾದ ಪ್ರತಿಕಾಯಗಳೇ ನರಕೋಶಗಳ ಮೇಲಿನ ಗ್ರಾಹಕಗಳಿಗೆ ಅಂಟಿಕೊಳ್ಳುತ್ತವೆ. ಆಗ ಗ್ರಾಹಕಗಳು ಕೋಶದೊಳಕ್ಕೆ ಸೇರಿಹೋಗಿ ನೆನಪು, ನಡವಳಿಕೆ ಎರಡೂ ಏರುಪೇರಾಗುತ್ತವೆ. ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು ಈ ಪ್ರತಿಕಾಯವನ್ನು ಗುರುತಿಸಿದ್ದು 2007ರಲ್ಲಿ.

ರೋಗಿಯ ಒಳಗಿನ ಅನುಭವವನ್ನು ಪುಸ್ತಕ ಮನಮುಟ್ಟುವಂತೆ ಕಟ್ಟಿಕೊಡುತ್ತದೆ. ಆದರೆ ಪುಸ್ತಕ ಮುಚ್ಚಿದಾಗ ‘ಆ ಪರೀಕ್ಷೆಯನ್ನು ಎಲ್ಲರಿಗೂ ಮೊದಲೇ ಮಾಡಬಾರದೇಕೆ?’ ಎಂಬ ಪ್ರಶ್ನೆ ನಿಮ್ಮಲ್ಲೂ ಏಳಬಹುದು. ಉತ್ತರಕ್ಕೆ ಸ್ವಲ್ಪ ಗಣಿತ ಬೇಕು.

ಸಾವಿರ ಮಂದಿಯಲ್ಲಿ ಒಬ್ಬರಿಗೆ ಮಾತ್ರ ಈ ರೋಗವಿದೆ ಎಂದುಕೊಳ್ಳಿ. ಪರೀಕ್ಷೆಯು ರೋಗವಿಲ್ಲದವರಲ್ಲಿ ನೂರಕ್ಕೆ ಒಬ್ಬರನ್ನು ತಪ್ಪಾಗಿ ‘ಇದೆ’ ಎನ್ನುತ್ತದೆ ಎಂದಿರಲಿ. ಆಗ ‘ಇದೆ’ ಎನಿಸಿಕೊಂಡ ಸುಮಾರು 11 ಮಂದಿಯಲ್ಲಿ ನಿಜವಾದ ರೋಗಿ ಒಬ್ಬರೇ! ಉಳಿದವರಿಗೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಕೊಟ್ಟರೆ ಇಲ್ಲದ ರೋಗಕ್ಕೆ ಸೋಂಕುಗಳ ಅಪಾಯ ತಂದುಕೊಟ್ಟಂತೆ. ಲಕ್ಷಣ ನೋಡಿ ಆಯ್ದವರಲ್ಲಿ ಹತ್ತಕ್ಕೊಬ್ಬರಿಗೆ ರೋಗವಿದ್ದರೆ, ಅದೇ ಪರೀಕ್ಷೆಯ ‘ಇದೆ’ ಬಹುಮಟ್ಟಿಗೆ ನಂಬಲರ್ಹ. ಪರೀಕ್ಷೆ ಬದಲಾಗಲಿಲ್ಲ, ಪರೀಕ್ಷೆಗೆ ಒಳಗಾದವರು ಬದಲಾದರು.

‘ಇಲ್ಲ’ ಎಂಬ ಉತ್ತರವೂ ಅಂತಿಮವಲ್ಲ. 2014ರ ಅಧ್ಯಯನವೊಂದರಲ್ಲಿ ಈ ರೋಗದ 250 ಮಂದಿಯ ಮಿದುಳು-ಬೆನ್ನುಹುರಿ ದ್ರವದಲ್ಲಿ ಪ್ರತಿಕಾಯ ಸಿಕ್ಕಿತು. ರಕ್ತದಲ್ಲಿ ಸಿಕ್ಕಿದ್ದು 214 ಮಂದಿಗೆ ಮಾತ್ರ. ಆದ್ದರಿಂದ ಈ ರೋಗದ ಶಂಕೆ ಬಲವಾಗಿದ್ದರೆ ಬೆನ್ನಿನಿಂದ ತೆಗೆದ ದ್ರವವನ್ನೂ ಪರೀಕ್ಷಿಸಬೇಕು. ಪ್ರತಿಕಾಯದ ವರದಿ ಬರುವವರೆಗೆ ಕಾಯದೆ, ಲಕ್ಷಣಗಳು ಮತ್ತು ಇತರ ಪರೀಕ್ಷೆಗಳ ಆಧಾರದಲ್ಲಿ ಚಿಕಿತ್ಸೆ ಆರಂಭಿಸಬಹುದೆಂದು 2016ರಲ್ಲಿ ತಜ್ಞರು ಸೂಚಿಸಿದರು. ತಡವಾದಷ್ಟೂ ಚೇತರಿಕೆ ಕಷ್ಟ.

ಪುಸ್ತಕವನ್ನು ಖಂಡಿತ ಓದಿ. ಉಪಾಧ್ಯಾಯರು ಮೇಲಿನ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಲಿ. ಕಹಲನ್ ಅವರ ವಿಷಯದಲ್ಲೂ ಪ್ರತಿಕಾಯದ ಪರೀಕ್ಷೆ ಬಂದದ್ದು ಆಮೇಲೆ. ಅದಕ್ಕೆ ದಾರಿ ತೋರಿದ್ದು ಒಂದು ಕಾಗದ, ಒಂದು ಪೆನ್ನು ಮತ್ತು ಗಮನವಿಟ್ಟು ನೋಡಿದ ವೈದ್ಯ.