‘ಜ್ಯೋತಿ’ ಧ್ವನಿಮುದ್ರಿಕೆ: ಜಾಝ್ ಮತ್ತು ಕರ್ನಾಟಕ ಲಯ

1950ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನಲ್ಲಿ ರೂಪುಗೊಂಡ ಬೋಸಾ ನೋವಾ ಮತ್ತು ಅಮೆರಿಕದ ಜಾಝ್‌ಗಳಿಗೆ ಸ್ವರಮೇಳವೇ ಸಮಾನ ನೆಲೆ. 1964ರ ‘ಗೆಟ್ಜ್/ಜಿಲ್ಬರ್ಟೊ’ದಲ್ಲಿ ಸ್ಟಾನ್ ಗೆಟ್ಜ್ ಅವರ ಸ್ಯಾಕ್ಸೋಫೋನ್ ಜೊವಾವ್ ಜಿಲ್ಬರ್ಟೊ ಅವರ ಗಿಟಾರಿನೊಡನೆ ಅನಾಯಾಸವಾಗಿ ಬೆರೆಯುವುದಕ್ಕೆ ಇದೇ ಮುಖ್ಯ ಕಾರಣ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡವು ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ ಧ್ವನಿಮುದ್ರಿಸಿದ ‘ಜ್ಯೋತಿ’ಗೆ ಅಂತಹ ಅನುಕೂಲವಿರಲಿಲ್ಲ. ಕರ್ನಾಟಕ ಸಂಗೀತದಲ್ಲಿ ಸ್ವರಮೇಳದ ಚಲನೆಯಿಲ್ಲ. ಈ ಧ್ವನಿಮುದ್ರಿಕೆಯಲ್ಲಿ ಪಿಯಾನೊ, ಗಿಟಾರ್‌ಗಳೂ ಇಲ್ಲ.

ಇಂತಹ ಕೃತಿಗಳನ್ನು ‘ಫ್ಯೂಷನ್’ ಎಂದು ಕರೆದು ಸುಮ್ಮನಾಗುವುದು ವಿಮರ್ಶೆಯ ಸೋಮಾರಿತನ. ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಟ್ಟಿಗೆ ಬಾಳುವ ಬೀದರ್, ಭಾಲ್ಕಿ, ಔರಾದ್‌ಗಳ ಕೇಳುಗರಿಗೆ ಬೆರಕೆಯೇ ವಿಶೇಷವಾಗಿ ತೋರಲಾರದು. ಬೀದರಿನ ಬಿದರಿ ಕಲೆಯಲ್ಲಿ ಬೆಳ್ಳಿಯು ಸತು-ತಾಮ್ರದ ಮಿಶ್ರಲೋಹದೊಳಗೆ ಕೂರುತ್ತದೆ, ಕರಗುವುದಿಲ್ಲ. ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಲೋಹ ಕಪ್ಪಾದ ಬಳಿಕವೇ ಬೆಳ್ಳಿಯ ಗೆರೆ ಎದ್ದು ಕಾಣುವುದು. ‘ಜ್ಯೋತಿ’ಗೆ ಒಪ್ಪುವ ಒರೆಗಲ್ಲು ಇದು.

ಆರ್.ಎ. ರಾಮಮಣಿಯವರ ಗಾಯನವೇ ಇಲ್ಲಿ ಕೇಂದ್ರ. ಟಿ.ಎ.ಎಸ್. ಮಣಿಯವರ ಮೃದಂಗ, ಜೊತೆಗೆ ಘಟ, ಖಂಜಿರ, ಕೊನ್ನಕ್ಕೋಲ್‌ಗಳು ತಾಳದ ಕಟ್ಟನ್ನು ಸಡಿಲಗೊಳಿಸುವುದಿಲ್ಲ. ಚಾರ್ಲ್ಸ್ ಮಿಂಗಸ್ ಅವರಂಥವರೊಡನೆ ನುಡಿಸಿದ, ನಾಗಸ್ವರವನ್ನೂ ಅಭ್ಯಾಸ ಮಾಡಿದ ಮರಿಯಾನೊ ಆ ಕಟ್ಟಿನೊಳಗೇ ತಮ್ಮ ದಾರಿ ಹುಡುಕುತ್ತಾರೆ. ಸ್ಯಾಕ್ಸೋಫೋನ್ ಗಾಯನವನ್ನು ಹಿಂಬಾಲಿಸುವ ಕಡೆ ಅದು ಪಕ್ಕವಾದ್ಯವಷ್ಟೇ ಆಗಿ ಸೊರಗುತ್ತದೆ. ತನ್ನದೇ ಉಸಿರಿನಲ್ಲಿ ವಾಕ್ಯವನ್ನು ಬೆಳೆಸಿ ತಾಳದ ಸಮಕ್ಕೆ ಮರಳುವ ಕಡೆ ಬೆಳ್ಳಿಯ ಗೆರೆಯಂತೆ ಹೊಳೆಯುತ್ತದೆ.