ಬೆನ್ನಿಗೆ ಹೋದ ರೇಡಿಯೇಟರ್

1985ರ ಆಡಿ ಸ್ಪೋರ್ಟ್ ಕ್ವಾಟ್ರೊ ಎಸ್1 ಇ2 ರ‍್ಯಾಲಿ ಕಾರನ್ನು ಹೊಗಳುವವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ಮೂತಿ ಭಾರವಾಗಿದ್ದ ಕಾರಿನ ರೇಡಿಯೇಟರನ್ನು ಹಿಂದಕ್ಕೊಯ್ದು ತೂಕ ಸರಿದೂಗಿಸಿದರು ಎಂದು. ನಿಜವೇ. ಆದರೆ ಆ ಪುಣ್ಯದ ಪಾಲು ಈಗ ಡಿಕ್ಕಿಯೊಳಗೆ ರೇಡಿಯೇಟರ್ ಕೂರಿಸಿಕೊಂಡ ಪ್ರತಿ ಸ್ಪೋರ್ಟ್ಸ್ ಕಾರಿಗೂ ಸಲ್ಲುತ್ತಿದೆ. ಇಂಥ ಕಾರನ್ನು ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ, 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಮೇ ತಿಂಗಳ ಮಟಮಟ ಮಧ್ಯಾಹ್ನ ಓಡಿಸಿ ನೋಡಬೇಕು.

ನೀರು 95 ಡಿಗ್ರಿ, ಹೊರಗಿನ ಹವೆ 25 ಇದ್ದರೆ ಅಂತರ 70. ಹವೆ 40ಕ್ಕೇರಿದರೆ ಉಳಿಯುವುದು 55. ಅಂದರೆ ಅದೇ ರೇಡಿಯೇಟರಿನ ದುಡಿಮೆಯಲ್ಲಿ ಐದನೇ ಒಂದು ಪಾಲು ಹೊರಡುವ ಮೊದಲೇ ಖೋತಾ. ಮೂತಿಯಲ್ಲಿದ್ದಿದ್ದರೆ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸುಮಾರು 400 ಪ್ಯಾಸ್ಕಲ್ ಒತ್ತಡ ಪುಕ್ಕಟೆ ಸಿಗುತ್ತಿತ್ತು. ಹಿಂದೆ ಅದಿಲ್ಲ. ಕಾರಿನ ಬೆನ್ನ ಹಿಂದೆ ಒತ್ತಡ ಕಡಿಮೆ. ಅದು ಬಿಸಿಗಾಳಿ ಹೊರಬೀಳಲು ಒಳ್ಳೆಯ ಜಾಗ, ತಣ್ಣನೆಯ ಗಾಳಿ ಹೀರಲು ಕೆಟ್ಟ ಜಾಗ.

ಎಲ್ಲ ಎಡವಟ್ಟೂ ಇಲ್ಲೇ. ಡಿಕ್ಕಿಯಲ್ಲಿ ರೇಡಿಯೇಟರನ್ನು ಓರೆಯಾಗಿ ನಿಲ್ಲಿಸುತ್ತಾರೆ, ಪಕ್ಕದ ಕಿಟಕಿಗೆ ಅಂದದ ಗಾಳಿಬಾಯಿ ಕೂರಿಸುತ್ತಾರೆ, ಹಿಂದೆ ಎರಡು ಫ್ಯಾನ್. ಬಾಯಿಯಿಂದ ರೇಡಿಯೇಟರಿನವರೆಗೆ ಕೊಳವೆಯೇ ಇರುವುದಿಲ್ಲ. ರೇಡಿಯೇಟರಿಗೂ ತಗಡಿಗೂ ನಡುವೆ ಎರಡು ಬೆರಳು ಸಂದು. ಗಾಳಿಗೇನು, ಸಲೀಸಾದ ದಾರಿ ಸಿಕ್ಕರೆ ಕಿರಿದಾದ ಫಿನ್ನುಗಳ ನಡುವೆ ಏಕೆ ನುಗ್ಗೀತು? ಟೋಲ್ ಗೇಟಿನಲ್ಲಿ ಕಾರು ನಿಂತರಂತೂ ಫ್ಯಾನ್ ಹೊರದಬ್ಬಿದ ಬಿಸಿಗಾಳಿ ಅದೇ ಸಂದಿನಿಂದ ಮತ್ತೆ ಒಳಬರುತ್ತದೆ. ನೂರಾರು ರೂಪಾಯಿಯ ಫೋಮ್ ಪಟ್ಟಿ ಮಾಡುವ ಕೆಲಸವನ್ನು ಸಾವಿರಾರು ರೂಪಾಯಿಯ ರೇಡಿಯೇಟರ್ ಮಾಡಲಾರದು.

"ದೊಡ್ಡ ಕೋರ್ ಹಾಕಿ, ದೊಡ್ಡ ಫ್ಯಾನ್ ಹಾಕಿ" ಎನ್ನುವ ವಾಹನ ವಿಮರ್ಶಕರ ಜೊತೆ ನನ್ನ ಜಗಳ ಇರುವುದು ಇದಕ್ಕೇ. ಫ್ಯಾನಿನ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುವುದು ಎದುರಿಗೆ ಅಡ್ಡಿಯೇ ಇಲ್ಲದಾಗ ಅದು ತಳ್ಳುವ ಗಾಳಿಯ ಲೆಕ್ಕ. ದಪ್ಪ ಕೋರಿನ ಹಿಂದೆ ಆ ಅಂಕಿ ಎಷ್ಟಕ್ಕೆ ಇಳಿಯುತ್ತದೆಂದು ಇವರು ಕೇಳುವುದಿಲ್ಲ. ತೂಕದ ಜಾಣ್ಮೆಯನ್ನು ಕೊಂಡಾಡುವಾಗಲೂ, ಮುಂದಿನಿಂದ ಹಿಂದಕ್ಕೆ ಹೋಗಿಬರುವ ಆರು ಮೀಟರ್ ಪೈಪು 32 ಮಿ.ಮೀ. ಒಳವ್ಯಾಸದ್ದಾದರೆ ಅದರಲ್ಲೇ ಐದು ಲೀಟರಿನಷ್ಟು ನೀರು ನಿಲ್ಲುತ್ತದೆ ಎಂಬುದನ್ನು ನುಂಗಿಬಿಡುತ್ತಾರೆ. ಪೈಪಿನ ಎತ್ತರದ ತಿರುವಿನಲ್ಲಿ ಸಿಕ್ಕ ಗಾಳಿಗುಳ್ಳೆ ಹೊರಹೋಗಲು ದಾರಿ ಬಿಡದಿದ್ದರೆ ಪಂಪು ನೊರೆ ಕಡೆಯುತ್ತ ಕೂರುತ್ತದೆ.

ಎಸ್1 ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ ಅದು ಗೆಲ್ಲಲು ಕಟ್ಟಿದ ಕಾರು. ಹಂತ ಮುಗಿದರೆ ಮೆಕ್ಯಾನಿಕ್‌ಗಳ ದಂಡೇ ಕಾದಿರುತ್ತಿತ್ತು. ಅದನ್ನು ದಿನಬಳಕೆಯ ಮಾದರಿ ಮಾಡಿದ್ದು ಅಭಿಮಾನಿಗಳ ತಪ್ಪು.

ಮಾದರಿ ಬೇಕಿದ್ದರೆ ಇದೇ ಹೆದ್ದಾರಿಯಲ್ಲಿ ಹೈದರಾಬಾದ್–ಮುಂಬೈ ನಡುವೆ ಓಡುವ ವೋಲ್ವೊ ಬಸ್ಸುಗಳಿವೆ. ಎಂಜಿನ್, ರೇಡಿಯೇಟರ್ ಎರಡೂ ಹಿಂದೆಯೇ. ಗಾಳಿ ಬರುವುದು ಪಕ್ಕದ ಜಾಲರಿಯಿಂದ. ಫ್ಯಾನ್ ತಿರುಗಿಸಲು ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲನ್ನು ಸಂಕೋಚವಿಲ್ಲದೆ ಕೊಡುತ್ತಾರೆ. 2009ರಲ್ಲಿ ಬಂದು ನಗೆಪಾಟಲಾದ ಟಾಟಾ ನ್ಯಾನೋ ಕೂಡ ಹಿಂದಿನ ಚಕ್ರಗಳ ಮುಂದೆ ಕಿವಿಯಂತೆ ಚಾಚಿದ ಬಾಯಿಗಳಿಂದಲೇ ಉಸಿರಾಡಿತು. 624 ಸಿಸಿ ಎಂಜಿನ್ನಿನ ಬಿಸಿ ಎಷ್ಟು ಮಹಾ ಎನ್ನಬಹುದು, ಒಪ್ಪೋಣ. ಆದರೂ ಗಾಳಿಯನ್ನು ಎಲ್ಲಿ ಹಿಡಿಯಬೇಕೆಂಬ ಪ್ರಶ್ನೆಗೆ ಆ ಕಿವಿಗಳು ಕೊಟ್ಟ ಉತ್ತರ ಡಿಕ್ಕಿಯ ಅಂದಗಾರರ ಉತ್ತರಕ್ಕಿಂತ ಪ್ರಾಮಾಣಿಕ. ಬಸವಕಲ್ಯಾಣದ ಕೆಮ್ಮಣ್ಣಿನ ಅಡ್ಡರಸ್ತೆಗಳಿಗೆ ಅದೂ ಸಾಲದು: ಟೈರು ಎಬ್ಬಿಸಿದ ಧೂಳು ಸುತ್ತಿಕೊಂಡು ಬಂದು ಮೆತ್ತುವುದು ಬೆನ್ನಿಗೇ. ಫಿನ್ನುಗಳನ್ನು ಒಳಗಿನಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಲು ಕೈ ಹೋಗುವಷ್ಟು ಜಾಗ ಬಿಡದ ವಿನ್ಯಾಸಕ್ಕೆ ನಾನು ಪಾಸ್ ಮಾರ್ಕು ಕೊಡಲಾರೆ.