ಹೊಸ ಗೋಡೆ, ಹಳೆಯ ಕೇರಿ

ಸಾಮಾಜಿಕ ಜಾಲತಾಣಗಳು ನಮ್ಮ ಹುಡುಗರನ್ನು ಕೆಡಿಸಿವೆ, ಸಂಬಂಧಗಳನ್ನು ಮುರಿದಿವೆ, ಸೃಜನಶೀಲತೆಯನ್ನು ಕೊಂದಿವೆ ಎಂಬ ಗೋಳು ಈಗ ಎಲ್ಲ ವಿಚಾರ ಸಂಕಿರಣಗಳಲ್ಲೂ ಕೇಳಿಬರುತ್ತದೆ. ಈ ಗೋಳಿನೊಳಗೆ ಒಂದು ಜಗಲಿಯ ನೆನಪಿದೆ. ಸಂಜೆ ಹೊತ್ತು ಎಲ್ಲರೂ ಜಗಲಿ ಮೇಲೆ ಕೂತು ಮಾತಾಡುತ್ತಿದ್ದರಂತೆ. ಈಗ ಎಲ್ಲರೂ ಮೊಬೈಲು ಹಿಡಿದು ಒಂಟಿಯಾಗಿದ್ದಾರಂತೆ. ಸರಿ ಸ್ವಾಮಿ, ಆ ಜಗಲಿ ಮೇಲೆ ನಮ್ಮಪ್ಪ ಎಲ್ಲಿ ಕೂತಿದ್ದ? ದಲಿತ ವಿಮರ್ಶೆ ಈ ಚರ್ಚೆಯನ್ನು ಶುರುಮಾಡಬೇಕಾದದ್ದು ಇಲ್ಲಿಂದ.

ನಾನಿರುವ ಮಾವಳ್ಳಿಯನ್ನೇ ನೋಡಿ. ಹೊರಗಿನವರಿಗೆ ಈ ಹೆಸರು ಕೇಳಿದ ಕೂಡಲೇ ನೆನಪಾಗುವುದು 1924ರಲ್ಲಿ ಶುರುವಾದ ಹೋಟೆಲು. ಅದು ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು ಆಮೇಲೆ. ಮೊದಲಿದ್ದ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಕಾಫಿಗೂ ಜಾತಿಯ ಹೆಸರಿದ್ದ, ಅದನ್ನು ಯಾರೂ ಮುಚ್ಚಿಡದಿದ್ದ ಕಾಲ ಅದು. ಈಗ ಅಂಥ ಹೆಸರಿನ ಹಲಗೆ ಬೇಕಾಗಿಲ್ಲ. ನಿಮ್ಮ ಗೆಳೆಯರ ಗೆಳೆಯರನ್ನೇ ಫೇಸ್‌ಬುಕ್ ನಿಮಗೆ ಹೊಸ ಗೆಳೆಯರೆಂದು ತೋರಿಸುತ್ತದೆ. ಬೀದಿ, ಶಾಲೆ, ಮದುವೆ ಎಲ್ಲವೂ ಜಾತಿಯಿಂದ ಸೀಳಿಹೋಗಿರುವ ಸಮಾಜದಲ್ಲಿ ಆ ಪಟ್ಟಿ ಎಲ್ಲಿಗೆ ಹೋಗಿ ಮುಟ್ಟುತ್ತದೆ? ಯಂತ್ರಕ್ಕೆ ಜಾತಿ ಗೊತ್ತಿರಬೇಕಾಗಿಲ್ಲ. ನಾವೇ ಅದಕ್ಕೆ ಕಲಿಸಿಕೊಟ್ಟಿದ್ದೇವೆ.

ಹಾಗಂತ ಈ ಗೋಡೆ ನಮಗೆ ಬೇಡ ಅನ್ನಲಾರೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದಾಗ ಆ ಮಾತು ಜನರನ್ನು ಮುಟ್ಟಿದ್ದು ಪತ್ರಿಕೆಗಳ ಮೂಲಕ. ಆ ಪತ್ರಿಕೆಗಳು ನಮ್ಮವಾಗಿರಲಿಲ್ಲ. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಅವರ ಮಂತ್ರಿ ಪದವಿ ಹೋಯಿತು. ಅದೇ ದಶಕದಲ್ಲಿ ‘ಪಂಚಮ’ದಂಥ ಪತ್ರಿಕೆಯನ್ನು ನಾವೇ ಮಾಡಿಕೊಳ್ಳಬೇಕಾಯಿತು. ಇವತ್ತು ಹಾಸ್ಟೆಲಿನ ಹುಡುಗನಿಗೆ ಸಂಪಾದಕನ ಅಪ್ಪಣೆ ಬೇಕಿಲ್ಲ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ದಲಿತರನ್ನು ಹೊಡೆದವರು ತಮ್ಮ ಪೌರುಷ ತೋರಿಸಲು ತಾವೇ ಚಿತ್ರೀಕರಿಸಿ ಹಂಚಿದರು. ಅದೇ ಚಿತ್ರ ಅವರ ವಿರುದ್ಧ ದೇಶವನ್ನು ಎಬ್ಬಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೊರಟ ‘ಚಲೋ ಉಡುಪಿ’ಗೆ ಯುವಕರು ಒಬ್ಬರನ್ನೊಬ್ಬರು ಕರೆದುಕೊಂಡದ್ದೂ ಈ ಗೋಡೆಯ ಮೇಲೆಯೇ. ಆದರೆ ಉಡುಪಿ ಮುಟ್ಟಿದ್ದು ಕಾಲುಗಳು, ಬೆರಳುಗಳಲ್ಲ.

ಇದೇ ಗೋಡೆಗೆ ಇನ್ನೊಂದು ಮುಖವಿದೆ. ಮಾವಳ್ಳಿಯಿಂದ ಚಾಮರಾಜಪೇಟೆಗೆ ನಡೆದೇ ಹೋಗಬಹುದು. 2018ರ ಮೇ ತಿಂಗಳಲ್ಲಿ ಅಲ್ಲಿ ರಾಜಸ್ಥಾನದ 26 ವರ್ಷದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಅನುಮಾನಿಸಿ, ಕೈ ಕಟ್ಟಿ, ಬಡಿದು ಕೊಂದರು. ಅನುಮಾನ ಹುಟ್ಟಿಸಿದ್ದು ವಾಟ್ಸಾಪಿನ ಸುಳ್ಳು ಸುದ್ದಿ. ಜುಲೈನಲ್ಲಿ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಕಳಿಸಬಹುದು ಎಂಬ ಮಿತಿ ಹೇರಿತು. ಐದೇ ಜನಕ್ಕೆ ಕಳಿಸಿದರೆ ಅನುಮಾನ ಕಮ್ಮಿಯಾಗುತ್ತಾ? ಮೈಬಣ್ಣ, ಬಟ್ಟೆ, ಭಾಷೆ ನೋಡಿ ‘ಇವನು ನಮ್ಮವನಲ್ಲ’ ಎಂದು ತೀರ್ಮಾನಿಸುವ ಕಣ್ಣು ಮೊಬೈಲಿಗಿಂತ ಹಳೆಯದು. ಆ ಕಣ್ಣಿನ ಪರಿಚಯ ಕೇರಿಗೆ ಚೆನ್ನಾಗಿದೆ.

ಇನ್ನು ಸೃಜನಶೀಲತೆ. ಸಿದ್ಧಲಿಂಗಯ್ಯನವರು ಶ್ರೀರಾಂಪುರದಲ್ಲಿ ಓದಲು ಏಕಾಂತ ಹುಡುಕಿಕೊಂಡು ಸ್ಮಶಾನಕ್ಕೆ ಹೋಗುತ್ತಿದ್ದರು. ಐದಾರು ಜನ ಮಲಗುವ ಒಂದೇ ಕೋಣೆಯ ಮನೆಗಳಲ್ಲಿ ಇವತ್ತಿನ ಹುಡುಗನಿಗೆ ಮೊಬೈಲೇ ಸ್ವಂತ ಕೋಣೆ. ಹುಡುಗಿಗೆ ಅದೂ ಪೂರ್ತಿ ಸ್ವಂತವಲ್ಲ. ಅಣ್ಣ ಕಿತ್ತುಕೊಂಡು ನೋಡುತ್ತಾನೆ, ಅವಳು ಇನ್ಯಾವುದೋ ಹೆಸರಲ್ಲಿ ಪದ್ಯ ಹಾಕುತ್ತಾಳೆ. ‘ಮೊಬೈಲು ಬಿಸಾಕಿ ಪುಸ್ತಕ ಓದಿ’ ಎಂದು ಇವರಿಗೆ ಉಪದೇಶ ಮಾಡುವುದು ಕೋಣೆ ಇದ್ದವರ ದೊಡ್ಡಸ್ತಿಕೆ ಅಷ್ಟೆ.

ನನ್ನ ತಕರಾರು ಬೇರೆ. ಈ ಕೋಣೆಗೆ ಮಾಲೀಕನಿದ್ದಾನೆ. ಬೇಗ ಕೆರಳಿಸುವುದನ್ನು, ಬೇಗ ಅಳಿಸುವುದನ್ನು ಅವನು ಮುಂದೆ ತಳ್ಳುತ್ತಾನೆ. ಹೀಗಾಗಿ ನಮ್ಮ ಹುಡುಗರು ದಿನಕ್ಕೊಂದು ಗಾಯ ತೋರಿಸುವ ಅಭ್ಯಾಸಕ್ಕೆ ಬಿದ್ದಿದ್ದಾರೆ. ಸಿಟ್ಟು ಸಂಜೆಯೊಳಗೆ ಖರ್ಚಾಗುತ್ತದೆ. ಅವ್ವನ ನಗು, ಕೇರಿಯ ಚೇಷ್ಟೆ, ದೇವರ ಜತೆಗಿನ ಜಗಳ, ಇವಕ್ಕೆ ಲೈಕು ಬರುವುದಿಲ್ಲವೆಂದು ಅವು ಪದ್ಯದೊಳಕ್ಕೆ ಬರುವುದೇ ಇಲ್ಲ. ಅವಮಾನವನ್ನಷ್ಟೇ ಕೇಳುವ ಓದುಗನೂ ಒಂಥರಾ ಯಜಮಾನನೇ.

ಆ ಓದುಗನಿಗೆ ಪರ್ಯಾಯವನ್ನು ಕಟ್ಟಬೇಕಾದದ್ದು ವಿಮರ್ಶೆ. ರೋಹಿತ್ ವೇಮುಲ 2016ರಲ್ಲಿ ತೀರಿಕೊಂಡ ಮೇಲೆ ಅವನ ಫೇಸ್‌ಬುಕ್ ಬರಹಗಳು 2017ರಲ್ಲಿ ಪುಸ್ತಕವಾದವು. ಬದುಕಿದ್ದಾಗ ಅವನ್ನು ಬರಹವೆಂದು ಓದಿದವರು ಎಷ್ಟು ಜನ? ನಮ್ಮ ವಿಮರ್ಶಕರು ಸಾವಿಗಾಗಿ ಕಾಯಬಾರದು. ಗೋಡೆಯ ಮೇಲಿನ ಪದ್ಯವನ್ನು ಇಳಿಸಿಕೊಂಡು, ಬರೆದವರನ್ನು ಎದುರಿಗೆ ಕೂರಿಸಿಕೊಂಡು, ‘ಈ ಸಾಲು ಸರಿಯಿಲ್ಲ, ಇದು ಚೆನ್ನಾಗಿದೆ, ಇನ್ನೊಂದ್ಸಲ ಬರಿ’ ಎಂದು ಹೇಳಬೇಕು. ಸಂಘಟನೆಯ ಅಧ್ಯಯನ ಶಿಬಿರಗಳಲ್ಲಿ ಹಿಂದೆ ಆಗುತ್ತಿದ್ದದ್ದು ಇದೇ. ಹೊಗಳಿಕೆ ಗೋಡೆಯಲ್ಲಿ ಬೇಕಾದಷ್ಟು ಸಿಗುತ್ತದೆ. ತಿದ್ದುವ ಗೆಳೆಯ ಮಾತ್ರ ಅಲ್ಲಿ ಸಿಗುವುದಿಲ್ಲ.